ಮಾಲ್ಗುಡಿಯ ಪ್ರೇಕ್ಷಕರು: ಮೂರು ಅಭಿಪ್ರಾಯಗಳ ಪರಿಶೀಲನೆ

ದೂರದರ್ಶನದ ಧಾರಾವಾಹಿಯೊಂದನ್ನು ವಿಮರ್ಶಿಸುವವರು ಮೂಲಕೃತಿಯ ಗುಣವನ್ನೂ ನಿರ್ದೇಶಕನ ಕೌಶಲವನ್ನೂ ನಟರ ಅಭಿನಯವನ್ನೂ ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ನೋಡಿದ ಜನರ ಅಭಿಪ್ರಾಯವನ್ನು ಮಾತ್ರ ಹರಟೆಯೆಂದು ಬದಿಗೆ ಸರಿಸುವುದುಂಟು. ಚರಿತ್ರೆಯ ವಿದ್ಯಾರ್ಥಿಗೆ ಈ ಉಪೇಕ್ಷೆ ತರವಲ್ಲ. ಒಂದು ಕಾಲದ ಜನ ಏನನ್ನು ನಂಬಿದ್ದರೆಂಬುದು, ಆ ನಂಬಿಕೆ ತಪ್ಪಾಗಿದ್ದರೂ, ಚರಿತ್ರೆಯ ಆಧಾರವೇ ಆಗಿದೆ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಕುರಿತು ನಮ್ಮ ಮೈಸೂರಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಮೂರು ಅಭಿಪ್ರಾಯಗಳನ್ನು ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಧಾರಾವಾಹಿಯು 1980ರ ದಶಕದ ಉತ್ತರಾರ್ಧದಲ್ಲಿ, ಮುಖ್ಯವಾಗಿ ಹಿಂದಿ ಭಾಷೆಯಲ್ಲಿ, ರಾಷ್ಟ್ರೀಯ ವಾಹಿನಿಯಲ್ಲಿ ಪ್ರಸಾರವಾಯಿತು. ಟಿ. ಎಸ್. ನರಸಿಂಹನ್ ಅದರ ನಿರ್ಮಾಪಕರು, ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಲೇಖಕರ ಸೋದರ ಆರ್. ಕೆ. ಲಕ್ಷ್ಮಣರವು. ಸ್ವಾಮಿಯಾಗಿ ಬಾಲನಟ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡರು, ಮಿಠಾಯಿ ವ್ಯಾಪಾರಿ ಜಗನ್ನನಾಗಿ ಅನಂತ್‌ನಾಗ್ ಅಭಿನಯಿಸಿದರು.

ಮೊದಲನೆಯ ಅಭಿಪ್ರಾಯ, ‘ಮಾಲ್ಗುಡಿಯೆಂದರೆ ಆಗುಂಬೆ’ ಎಂಬುದು. ಚಿತ್ರೀಕರಣದ ಬಹುಭಾಗ ಅಲ್ಲಿ ನಡೆದುದು ನಿಜ. ಆದರೆ ಪುಸ್ತಕದ ಮಾಲ್ಗುಡಿಗೂ ಆಗುಂಬೆಗೂ ಹೋಲಿಕೆ ಅತ್ಯಲ್ಪ. ಒಂದು ಬಿಸಿಲೂ ಧೂಳೂ ತುಂಬಿದ ಊರು. ಸರಯೂ ನದಿಯ ಮರಳದಂಡೆ, ಆಲ್ಬರ್ಟ್ ಮಿಷನ್ ಶಾಲೆ, ಮದರಾಸಿನತ್ತ ಹೋಗುವ ರೈಲು ಅದರ ಗುರುತುಗಳು. ಇನ್ನೊಂದು ಮಲೆನಾಡಿನ ಘಟ್ಟದ ನೆತ್ತಿ. ಹೆಂಚಿನ ಮನೆ, ಅಡಕೆಯ ತೋಟ, ಬಿಡದೆ ಸುರಿಯುವ ಮಳೆ. ರೈಲು ಅಲ್ಲಿಗೆ ಏರಿದ್ದೇ ಇಲ್ಲ. ಮಾಲ್ಗುಡಿ ಯಾವ ನಕ್ಷೆಯಲ್ಲಿಯೂ ಇಲ್ಲದ ಊರೆಂದು ನಾರಾಯಣರೇ ಸ್ಪಷ್ಟಪಡಿಸಿದ್ದರು. ಆ ಊರಿನ ರೈಲು ನಿಲ್ದಾಣವೇ ಮೊದಲು ತಮ್ಮ ಕಣ್ಮುಂದೆ ಮೂಡಿತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇಷ್ಟಾದರೂ ಪ್ರೇಕ್ಷಕರ ನಂಬಿಕೆಯೇ ಗೆದ್ದಿತು. ಧಾರಾವಾಹಿಯಲ್ಲಿ ಕಾಣಿಸಿಕೊಂಡ ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವಾಯಿತು. ಕಲ್ಪನೆಯ ನಿಲ್ದಾಣಕ್ಕೆ ಕಲ್ಲುಗಾರೆಯ ಕಟ್ಟಡವನ್ನು ದೊರಕಿಸಿಕೊಟ್ಟದ್ದು ಲೇಖಕನಲ್ಲ, ನೋಡಿದ ಜನ. ಅಭಿಪ್ರಾಯ ಅಸತ್ಯವಾಗಿದ್ದೂ ಚರಿತ್ರೆಯಲ್ಲಿ ಕಾರ್ಯಕಾರಿಯಾಗಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಎರಡನೆಯದು, ‘ಧಾರಾವಾಹಿ ಮೂಲಕ್ಕೆ ನಿಷ್ಠವಾಗಿದೆ’ ಎಂಬ ಮೆಚ್ಚುಗೆ. 1965ರ ‘ಗೈಡ್’ ಚಲನಚಿತ್ರದೊಡನೆ ಹೋಲಿಸಿದರೆ ಈ ಮಾತು ಸರಿ. ಆ ಚಿತ್ರ ಕಥೆಯನ್ನು ಮಾಲ್ಗುಡಿಯಿಂದ ರಾಜಸ್ಥಾನಕ್ಕೆ ಕೊಂಡೊಯ್ದಿತು. ನಾರಾಯಣರು ತಮ್ಮ ಅಸಮಾಧಾನವನ್ನು ಪ್ರಬಂಧವೊಂದರಲ್ಲಿ ತೋಡಿಕೊಂಡರು. ಶಂಕರ್‌ನಾಗ್ ಅವರು ಕಥೆಯ ಗಾತ್ರವನ್ನು ಹಿಗ್ಗಿಸಲಿಲ್ಲ, ಅದಕ್ಕೆ ವೈಭವದ ಬಣ್ಣ ಬಳಿಯಲಿಲ್ಲ. ಇದು ಅವರ ದೊಡ್ಡ ವಿವೇಕ. ಆದರೆ ಘಟನೆಗಳಿಗೆ ನಿಷ್ಠವಾಗಿರುವುದು ಬೇರೆ, ದನಿಗೆ ನಿಷ್ಠವಾಗಿರುವುದು ಬೇರೆ. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಬಾಲಕ ಸ್ವಾಮಿ ವಿದೇಶಿ ಬಟ್ಟೆಯದೆಂಬ ಮಾತಿಗೆ ಬೆಚ್ಚಿ ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಅದು ಖಾದಿಯದೇ ಆಗಿತ್ತೆಂದು ಬಳಿಕ ತಂದೆಯಿಂದ ತಿಳಿಯುತ್ತದೆ. ರಾಷ್ಟ್ರೀಯ ಚಳವಳಿಯ ಉತ್ಸಾಹವನ್ನೂ ಅದರ ಮುಗ್ಧ ಗೊಂದಲವನ್ನೂ ಒಟ್ಟಿಗೆ ಕಾಣುವ ಆ ನಗೆ ಪಾತ್ರದ್ದಲ್ಲ, ಕಥೆ ಹೇಳುವವನದು. ತೆರೆಯ ಮೇಲೆ ಹೇಳುವವನು ಮರೆಯಾಗುತ್ತಾನೆ. ಅವನ ಸ್ಥಾನವನ್ನು ಹುಡುಗನ ಮುಖವೂ ಸಂಗೀತವೂ ತುಂಬುತ್ತವೆ. ವ್ಯಂಗ್ಯವಿದ್ದೆಡೆ ವಾತ್ಸಲ್ಯ ನೆಲೆಸುತ್ತದೆ. ಧಾರಾವಾಹಿಯನ್ನು ಕೊಂಡಾಡುವ ಹಿರಿಯರು ‘ಅಂಥ ಕಾಲ ಮತ್ತೆ ಬಾರದು’ ಎಂದು ನಿಟ್ಟುಸಿರಿಡುವುದನ್ನು ಕೇಳಿದ್ದೇನೆ. ಪುಸ್ತಕವನ್ನು ಓದಿ ಮುಚ್ಚಿದವನಿಗೆ ವಸಾಹತು ಕಾಲದ ಶಾಲೆಯ ಬೆತ್ತವೂ ನೆನಪಿರುತ್ತದೆ. ಗತಕಾಲದ ಹಂಬಲವನ್ನು ಗತಕಾಲದ ಜ್ಞಾನವೆಂದು ಭ್ರಮಿಸದಂತೆ ನಮ್ಮ ವಿದ್ಯಾರ್ಥಿಗಳನ್ನು ಎಚ್ಚರಿಸುವುದು ಅಗತ್ಯ.

ಮೂರನೆಯದು, ‘ಇದು ನಮ್ಮದು’ ಎಂಬ ಅಭಿಮಾನ. ಇದೇ ಎಲ್ಲಕ್ಕಿಂತ ವಿಚಾರಾರ್ಹವಾದುದು. ತಮಿಳು ಮನೆಮಾತಿನ, ಮೈಸೂರಿನಲ್ಲಿ ನೆಲೆಸಿದ ಲೇಖಕ ಇಂಗ್ಲಿಷಿನಲ್ಲಿ ಬರೆದುದನ್ನು ಕನ್ನಡ ಕಲಾವಿದರು ಕನ್ನಡ ನೆಲದಲ್ಲಿ ನಿಂತು ಹಿಂದಿಯಲ್ಲಿ ಆಡಿದರು. ಕನ್ನಡಿಗರು ಅದನ್ನು ತಮ್ಮದೆಂದರು. ಭಾಷೆಯೊಂದೇ ‘ನಮ್ಮದು’ ಎಂಬ ಭಾವಕ್ಕೆ ಆಧಾರವಲ್ಲವೆಂದು ಇದರಿಂದ ತಿಳಿಯುತ್ತದೆ. ಹಾಗೆಂದು ಪ್ರೇಕ್ಷಕನಿಗೆ ಭಾಷೆಯ ಹಂಗಿಲ್ಲವೆಂದು ತೀರ್ಮಾನಿಸುವುದೂ ಸಲ್ಲದು. ಪರಭಾಷಾ ಕೃತಿಗಳಿಗೆ ಕನ್ನಡದ ಮಾತು ಜೋಡಿಸುವುದನ್ನು ವಿರೋಧಿಸಿ 1960ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರು ಚಳವಳಿ ನಡೆಸಿದರು. ಎಳೆಯ ಕನ್ನಡ ಚಿತ್ರೋದ್ಯಮಕ್ಕೆ ಆ ರಕ್ಷಣೆ ಬೇಕಾಗಿತ್ತು. ಆದರೆ ಕಾಲಕ್ರಮದಲ್ಲಿ ಅದು ಕಿರುತೆರೆಗೂ ಕಟ್ಟುಪಾಡಾಯಿತು. 2012ರಲ್ಲಿ ‘ಸತ್ಯಮೇವ ಜಯತೇ’ ಕಾರ್ಯಕ್ರಮ ಹಲವು ಭಾಷೆಗಳಲ್ಲಿ ಬಂದಾಗಲೂ ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಇಂಥ ತಡೆ ನ್ಯಾಯಸಮ್ಮತವಲ್ಲವೆಂದು ಆದೇಶವಿತ್ತಿತು. 2020ರ ವೇಳೆಗೆ ಹಿಂದಿಯ ‘ಮಹಾಭಾರತ’ ಧಾರಾವಾಹಿ ಖಾಸಗಿ ವಾಹಿನಿಯಲ್ಲಿ ಕನ್ನಡ ನುಡಿಯಿತು. ಈ ದೀರ್ಘ ವಿವಾದದಲ್ಲಿ ಉಭಯ ಪಕ್ಷದವರೂ ಪ್ರೇಕ್ಷಕನ ಹೆಸರಿನಲ್ಲಿ ವಾದಿಸಿದರು. 1980ರ ದಶಕದಲ್ಲಿ ಹಿಂದಿ ಅರಿಯದ ಅಜ್ಜಿಯೊಬ್ಬಳು ಸ್ವಾಮಿಯ ಕಥೆಯನ್ನು ಹೇಗೆ ಅರ್ಥಮಾಡಿಕೊಂಡಳು, ಪಕ್ಕದಲ್ಲಿ ಕುಳಿತ ಯಾವ ಮೊಮ್ಮಗ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಎಂಬುದನ್ನು ಮಾತ್ರ ಆ ವಾದಗಳಲ್ಲಿ ಕಾಣೆವು.

ಯಾದವಗಿರಿಯಲ್ಲಿರುವ ನಾರಾಯಣರ ಮನೆಯನ್ನು 2011ರಲ್ಲಿ ಕೆಡವತೊಡಗಿದಾಗ ಸಾರ್ವಜನಿಕರ ವಿರೋಧದಿಂದ ಕೆಲಸ ನಿಂತಿತು. 2016ರಲ್ಲಿ ಅದು ಸ್ಮಾರಕವಾಗಿ ತೆರೆಯಿತು. ಮನೆಯನ್ನು ಉಳಿಸಿಕೊಂಡೆವು. ಆ ಧಾರಾವಾಹಿಯನ್ನು ಮೊದಲ ಪ್ರಸಾರದಲ್ಲಿಯೇ ಪ್ರೌಢವಯಸ್ಸಿನಲ್ಲಿ ನೋಡಿದ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಅವರ ಮಾತುಗಳಿಗೆ ಸ್ಮಾರಕವಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಬ್ಬ ಹಿರಿಯರನ್ನು ಕುಳ್ಳಿರಿಸಿಕೊಂಡು, ಅವರು ನೋಡಿದುದೇನು, ತಿಳಿದುದೇನು, ಯಾರ ಮನೆಯ ಪೆಟ್ಟಿಗೆಯ ಮುಂದೆ ನೋಡಿದರು ಎಂಬುದನ್ನು ಬರೆದಿಟ್ಟರೆ, ಮುಂದಿನ ಚರಿತ್ರಕಾರನಿಗೆ ಅದು ಯಾವ ಕಡತಕ್ಕೂ ಕಡಮೆಯಲ್ಲದ ಆಕರವಾಗುವುದು. ಈ ಕೆಲಸಕ್ಕೆ ಹಣ ಬೇಡ, ಅನುಮತಿ ಬೇಡ. ವಿಳಂಬವನ್ನು ಮಾತ್ರ ಅದು ಸಹಿಸದು.