ಕಂಟೋನ್ಮೆಂಟಿನ ಬೇಲಿ ದಾಟದ ಕಲ್ಯಾಣ

ಸೈನಿಕನೊಬ್ಬ ತೀರಿಹೋದಾಗ ನಮ್ಮ ಊರುಗಳು ಮಾಡುವುದನ್ನು ಕಡಿಮೆ ಎನ್ನುವಂತಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿದ್ದು ಜೀವಂತ ಸಿಕ್ಕ, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ಕಣ್ಮುಚ್ಚಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗೆ ಕುಂದಗೋಳ ತಾಲೂಕಿನ ಬೆಟದೂರು ಹೇಗೆ ವಿದಾಯ ಹೇಳಿತೆಂಬುದನ್ನು ಇಡೀ ನಾಡು ನೋಡಿದೆ. ಇಂಥ ಹೊತ್ತಿನಲ್ಲಿ ಮಂತ್ರಿಗಳು ಬರುತ್ತಾರೆ, ರಸ್ತೆಗೋ ಶಾಲೆಗೋ ಹೆಸರಿಡುವ ಮಾತಾಗುತ್ತದೆ, ನಿವೇಶನ, ಜಮೀನು, ನೌಕರಿ ಘೋಷಣೆಯಾಗುತ್ತವೆ. ಆ ಗೌರವ ಸಲ್ಲತಕ್ಕದ್ದೇ. ನನ್ನ ತಕರಾರಿರುವುದು ಅದಕ್ಕೆ ಹಿಂದಿನ ವರ್ಷಗಳ ಬಗ್ಗೆ. ಬದುಕಿರುವ ಸೈನಿಕನ ಮನೆಗೆ, ಅವನು ದೂರದ ಗಡಿಯಲ್ಲಿರುವಷ್ಟು ಕಾಲ, ಯಾರು ಏನು ಮಾಡುತ್ತಾರೆ?

ಸೇನೆಯೊಳಗೆ ಕುಟುಂಬಗಳ ನೆರವಿಗೆಂದು 1966ರಿಂದ ನಡೆದುಬಂದಿರುವುದು ‘ಆವಾ’, ಅಂದರೆ ಸೈನಿಕರ ಪತ್ನಿಯರ ಕಲ್ಯಾಣ ಸಂಘ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಅದು ನಡೆಸುವ ‘ಆಶಾ’ ಶಾಲೆಗಳಂಥವು ನಮ್ಮ ಎಷ್ಟೋ ಊರುಗಳಲ್ಲಿ ಹುಡುಕಿದರೂ ಸಿಗವು. ಆದರೆ ಸಂಘದ ರಚನೆಯಲ್ಲೇ ಒಂದು ತೊಡಕಿದೆ. ಸೇನಾ ಮುಖ್ಯಸ್ಥರ ಪತ್ನಿ ಅದರ ಅಧ್ಯಕ್ಷೆ. ಕೆಳಗಿಳಿದಂತೆ ಪ್ರತಿ ಹಂತದಲ್ಲೂ ಅಲ್ಲಿನ ಕಮಾಂಡರರ ಪತ್ನಿಯದೇ ಮುಂದಾಳ್ತನ. ಗಂಡನ ಭುಜದ ಮೇಲಿನ ನಕ್ಷತ್ರ ಹೆಂಡತಿ ಕೂರುವ ಕುರ್ಚಿಯನ್ನು ನಿಶ್ಚಯಿಸುತ್ತದೆ. ಜವಾನನ ಹೆಂಡತಿ ಗಂಡನ ಸಾಲವನ್ನೋ ಕುಡಿತವನ್ನೋ ಹೇಳಿಕೊಳ್ಳಬೇಕಾದದ್ದು ಅವನ ರಜೆ, ಬಡ್ತಿಗಳನ್ನು ಕೈಯಲ್ಲಿಟ್ಟುಕೊಂಡಿರುವ ಅಧಿಕಾರಿಯ ಮಡದಿಯೆದುರು. ಅವಳು ‘ಎಲ್ಲಾ ಚೆನ್ನಾಗಿದೆ ಮೇಡಂ’ ಅಂದು ಎದ್ದುಬರುತ್ತಾಳೆ. ಮೇಡಂ ಒಳ್ಳೆಯವರೇ ಇರಬಹುದು. ಅವರ ಒಳ್ಳೆಯತನದಿಂದ ಸರಿಹೋಗುವ ತೊಡಕಲ್ಲ ಇದು.

ಇಷ್ಟಾದರೂ ಸಿಗುವುದು ಬೇಲಿಯೊಳಗಿದ್ದವರಿಗೆ. ಬೆಂಗಳೂರಿನ ಎಂಇಜಿಯ ಇಲ್ಲವೇ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕ್ವಾರ್ಟರ್ಸ್‌ನಲ್ಲಿರುವಾಗ ಶಾಲೆ, ಆಸ್ಪತ್ರೆ, ಕ್ಯಾಂಟೀನು ಎಲ್ಲವೂ ಹತ್ತಿರ. ಗಂಡನಿಗೆ ಗಡಿಗೆ ಪೋಸ್ಟಿಂಗ್ ಆಯಿತೆಂದರೆ ಹೆಂಡತಿ ಮಕ್ಕಳು ಬಹುಪಾಲು ಊರಿನ ಅತ್ತೆ ಮನೆಗೆ ಬರುತ್ತಾರೆ. ಅಲ್ಲಿ ಅವಳನ್ನು ಕಾಡುವುದು ಜಮೀನಿನ ಪೋಡಿ, ಪಕ್ಕದ ಹೊಲದವನ ಒತ್ತುವರಿ, ಮಾವನ ಆಪರೇಷನ್, ಮಗನ ಶಾಲೆ ಸೇರಿಸುವ ಗಡುವು. ಇವುಗಳ ನಡುವೆ ಯಾರಿಗೂ ನೆನಪಾಗದ ಕಾಗದವೊಂದಿದೆ: ಪಾರ್ಟ್ ಟೂ ಆರ್ಡರ್. ಸೈನಿಕನ ಮದುವೆ, ಮಕ್ಕಳ ಜನನ ರೆಕಾರ್ಡ್ ಆಫೀಸಿನ ದಾಖಲೆಗೆ ಸೇರುವುದು ಅದರ ಮೂಲಕ. ಉತ್ತರ ಕರ್ನಾಟಕದ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ರೂಢಿ ಉಂಟು. ತವರಿನ ಹೆಸರು ಆಧಾರ್‌ನಲ್ಲಿ, ಗಂಡನ ಮನೆಯ ಹೆಸರು ಸೇನೆಯ ದಾಖಲೆಯಲ್ಲಿ ಉಳಿದರೆ ಮುಂದೊಂದು ದಿನ ಪಿಂಚಣಿ ಕಡತ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗಂಡ ರಜೆಗೆ ಬಂದಾಗಲೇ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಬಹುದಾದ ಕೆಲಸವಿದು. ಹೇಳುವವರು ಬೇಕಷ್ಟೆ.

ಹೇಳಬೇಕಾದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆದರೆ ರಾಜ್ಯದಲ್ಲಿ ಪ್ರತಿ ಜಿಲ್ಲೆಗೂ ಇಂಥ ಕಚೇರಿಯಿಲ್ಲ. ಒಂದೇ ಕಚೇರಿ ಅಕ್ಕಪಕ್ಕದ ಜಿಲ್ಲೆಗಳನ್ನೂ ನೋಡಿಕೊಳ್ಳುವುದುಂಟು. ಅರ್ಜಿ ಹಿಡಿದು ಬಂದವರಿಗೆ ಅದು ಕೆಲಸ ಮಾಡಿಕೊಡುತ್ತದೆ. ಬಾರದವರ ಲೆಕ್ಕ ಅದರ ಬಳಿ ಇರುವಂತೆ ಕಾಣದು. ಪ್ರತಿ ಡಿಸೆಂಬರ್ 7ರಂದು ನಾವು ಅಂಗಿಗೆ ಚುಚ್ಚಿಕೊಳ್ಳುವ ಧ್ವಜದ ಹಣದಿಂದ ಸಿಗುವ ನೆರವನ್ನು 2025ರಲ್ಲಿ ಇಮ್ಮಡಿ ಮಾಡಿದ್ದಾರೆ: ಪಿಂಚಣಿಯಿಲ್ಲದ ವೃದ್ಧ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ತಿಂಗಳಿಗೆ 4,000 ಇದ್ದದ್ದು 8,000 ರೂಪಾಯಿ, ಮಗಳ ಮದುವೆಗೆ 50,000 ಇದ್ದದ್ದು ಒಂದು ಲಕ್ಷ. ಒಳ್ಳೆಯದೇ. ಆದರೆ ಇವೆಲ್ಲ ನಿವೃತ್ತಿಯ ಇಲ್ಲವೇ ಸಾವಿನ ನಂತರದ ಮಾತು.

ಸಾವಿನ ನಂತರವೂ ಎಲ್ಲರೂ ಸಮಾನರಲ್ಲ. ಮೆರವಣಿಗೆಯಲ್ಲಿ ಎಲ್ಲರೂ ಹುತಾತ್ಮರು, ಕಡತದಲ್ಲಿ ವರ್ಗಗಳಿವೆ. ಶತ್ರುವಿನ ಎದುರು ಮಡಿದವನ ಮನೆಗೆ ಕೊನೆಯ ಸಂಬಳದಷ್ಟೇ ಪಿಂಚಣಿ, ಕರ್ತವ್ಯದ ಕಾರಣದಿಂದ ಸತ್ತಿದ್ದರೆ ಶೇ. 60, ಕರ್ತವ್ಯಕ್ಕೆ ಸಂಬಂಧವಿಲ್ಲದ ಸಾವಾದರೆ ಮೊದಲ ಕೆಲವು ವರ್ಷ ಕಳೆದ ಮೇಲೆ ಶೇ. 30. ಈ ವಿಂಗಡಣೆಗೆ ಅದರದೇ ತರ್ಕವಿರಬಹುದು, ಅದನ್ನು ಆ ಹೆಣ್ಣುಮಗಳಿಗೆ ಕೂತು ವಿವರಿಸುವವರಿಲ್ಲ. ನಿಯಮಗಳೂ ಎಂಥವು! ಶೌರ್ಯ ಪ್ರಶಸ್ತಿಯ ಭತ್ಯೆ ಪಡೆಯುವ ವಿಧವೆ ಮರುಮದುವೆಯಾದರೆ ಭತ್ಯೆ ನಿಲ್ಲುತ್ತಿತ್ತು, ಸತ್ತ ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ರಕ್ಷಣಾ ಸಚಿವಾಲಯ ಆ ಷರತ್ತನ್ನು ಕಿತ್ತುಹಾಕಿದ್ದು 2017ರ ನವೆಂಬರಿನಲ್ಲಿ.

ಇಲ್ಲಿ ಬೆಂಗಳೂರಿನ ವಸಂತರತ್ನ ಪ್ರತಿಷ್ಠಾನದ ಕೆಲಸ ಬೇರೆಯಾಗಿ ಕಾಣುತ್ತದೆ. 2007ರ ಜುಲೈ 31ರಂದು ಉರಿಯಲ್ಲಿ ಮಡಿದು ಮರಣೋತ್ತರ ಅಶೋಕ ಚಕ್ರ ಪಡೆದ ಕರ್ನಲ್ ವಸಂತ್ ವೇಣುಗೋಪಾಲ್ ಅವರ ಪತ್ನಿ ಸುಭಾಷಿಣಿ ವಸಂತ್ ಕಟ್ಟಿದ ಸಂಸ್ಥೆಯಿದು. ಮಡಿದ ಸೈನಿಕರ ಮಕ್ಕಳ ಓದಿಗೆ ನೆರವಾಗುವುದು, ಅವರ ಪತ್ನಿಯರನ್ನು ಒಂದೆಡೆ ಸೇರಿಸುವುದು ಅದರ ಕೆಲಸ. ಅಲ್ಲಿ ಕುರ್ಚಿಯ ಹಂಚಿಕೆ ಗಂಡನ ರ‍್ಯಾಂಕಿನಿಂದಲ್ಲ. ಕರ್ನಲನ ಹೆಂಡತಿಗೂ ಸಿಪಾಯಿಯ ಹೆಂಡತಿಗೂ ಆದ ನಷ್ಟ ಒಂದೇ. ಹೀಗಾಗಿ ‘ಮೈದುನನನ್ನು ಮದುವೆಯಾಗು ಅಂತಿದ್ದಾರೆ, ಏನು ಮಾಡಲಿ?’ ಎಂದು ಒಬ್ಬಾಕೆ ಕೇಳಬಲ್ಲಳು, ಆ ಸಂಕಟ ಬಲ್ಲವರು ಎದುರಿಗಿರುತ್ತಾರೆ. ದೊಡ್ಡ ಸಂಸ್ಥೆಗಳಿಗೆ ದಕ್ಕದ್ದು ಇದೇ. ಆದರೆ ಒಬ್ಬ ವ್ಯಕ್ತಿಯ ಛಲದ ಮೇಲೆ ನಿಂತ ಸಂಸ್ಥೆ ಇಂಡಿ ತಾಲೂಕಿನ ಹಳ್ಳಿಗೋ ಸಿಂಧನೂರಿನ ಕ್ಯಾಂಪಿಗೋ ತಲುಪಬೇಕೆಂದು ಬಯಸುವುದು ಅನ್ಯಾಯ. ಅದು ಸರ್ಕಾರದ ಹೊಣೆ.

ಬದುಕಿರುವವರ ಕಡೆ ತಿರುಗಿದ ಒಂದು ಯೋಜನೆ ಈಚೆಗೆ ಬಂದಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ಆರಂಭಿಸಿದ ‘ವೀರ ಪರಿವಾರ ಸಹಾಯತಾ’ ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರ ತೆರೆಯುವ ಯೋಜನೆ. ಲಡಾಖಿನಲ್ಲಿರುವವನು ಹಾವೇರಿಯ ಕೋರ್ಟಿನ ವಾಯಿದೆಗೆ ಬರಲಾರ ಎಂಬ ಸರಳ ಸತ್ಯ ಕೊನೆಗೂ ಯಾರಿಗೋ ಹೊಳೆದಿದೆ. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ, ಕಾಗದದಲ್ಲಿ ಉಳಿಯದಿದ್ದರೆ.

ಸೈನಿಕ ಕಲ್ಯಾಣದ ವ್ಯವಸ್ಥೆಯ ಹೊರಗೇ ಉಳಿದವರೂ ಇದ್ದಾರೆ. 2019ರಲ್ಲಿ ಪುಲ್ವಾಮಾದಲ್ಲಿ ಮಡಿದ ಮದ್ದೂರು ತಾಲೂಕು ಗುಡಿಗೆರೆಯ ಗುರು ಸಿಆರ್‌ಪಿಎಫ್‌ನವರು. ಊರಿನ ಪಾಲಿಗೆ ಅವರೂ ಮಿಲ್ಟ್ರಿಯವರೇ. ಆದರೆ ಅರೆಸೇನಾ ಪಡೆಗಳು ಗೃಹ ಸಚಿವಾಲಯದವು, ಸೈನಿಕ ಮಂಡಳಿಯ ಬಾಗಿಲು ಅವರದಲ್ಲ. 2022ರಿಂದ ಸೇರುತ್ತಿರುವ ಅಗ್ನಿವೀರರು ಸೇವೆಯಲ್ಲಿ ಸತ್ತರೆ 48 ಲಕ್ಷದ ವಿಮೆಯೂ ಇತರ ಪರಿಹಾರವೂ ಸಿಗುತ್ತವೆ, ಕುಟುಂಬ ಪಿಂಚಣಿ ಇಲ್ಲ. ನಾಲ್ಕು ವರ್ಷ ಮುಗಿಸಿ ಮರಳಿದವರಿಗೂ ಪಿಂಚಣಿಯಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ.

ಹೊಸ ಸ್ಮಾರಕ, ಹೊಸ ಪುತ್ಥಳಿಗಳಿಗೆ ಮುಂಚೆ ಗ್ರಾಮ ಪಂಚಾಯಿತಿಗಳು ಒಂದು ಕೆಲಸ ಮಾಡಲಿ: ತಮ್ಮೂರಿನ ಯಾವ ಯಾವ ಮನೆಯವರು ಈಗ ಸೇವೆಯಲ್ಲಿದ್ದಾರೆಂದು, ಸೇನೆ, ಅರೆಸೇನೆ ಎಂಬ ಭೇದವಿಲ್ಲದೆ ಪಟ್ಟಿ ಮಾಡಲಿ. ಆ ಪಟ್ಟಿ ಹಿಡಿದು ವರ್ಷಕ್ಕೊಮ್ಮೆಯಾದರೂ ಅವರ ಮನೆಗಳಿಗೆ ಹೋಗಿ ದಾಖಲೆ, ಜಮೀನು, ಆಸ್ಪತ್ರೆಯ ಕಷ್ಟ ವಿಚಾರಿಸಲು ಜಿಲ್ಲಾಧಿಕಾರಿಗಳು ಒಬ್ಬ ಸಿಬ್ಬಂದಿಯನ್ನು ನೇಮಿಸಲಿ.