ಅರವತ್ತು ನಿಮಿಷದ ಸಿಟ್ಟು: ನನ್ನದೊಂದು ಹಾಡುಪಟ್ಟಿ

ಹಾಡುಗಳ ಪಟ್ಟಿ ಮಾಡುವುದೂ ಒಂದು ಬಗೆಯ ವಿಮರ್ಶೆಯೇ. ಯಾವುದನ್ನು ಸೇರಿಸಿದೆವು, ಯಾವುದನ್ನು ಬಿಟ್ಟೆವು, ಯಾವುದರ ಪಕ್ಕದಲ್ಲಿ ಯಾವುದನ್ನು ಕೂರಿಸಿದೆವು ಎನ್ನುವುದರಲ್ಲೇ ನಮ್ಮ ತೀರ್ಮಾನ ಇರುತ್ತದೆ. ಹಾಡು ಚೆನ್ನಾಗಿದೆ ಎಂದು ಬರೆಯುವುದು ಸುಲಭ. ಅದನ್ನು ಇನ್ನೊಂದು ಹಾಡಿನ ಬೆನ್ನಿಗೆ ಇಟ್ಟು ಕೇಳಿದಾಗ ಅದರ ನಿಜವಾದ ಬಲ, ಬಲಹೀನತೆ ಎರಡೂ ಹೊರಬೀಳುತ್ತವೆ. ಮೊಬೈಲಿನ ಕಾಲದಲ್ಲಿ ಪಟ್ಟಿಗೆ ಕೊನೆಯಿಲ್ಲ, ಹಾಗಾಗಿ ಆಯ್ಕೆಯ ಕಷ್ಟವೂ ಇಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಅದು ಇತ್ತು. ಸಿ-60 ಎಂದರೆ ಒಂದು ಬದಿಗೆ ಮೂವತ್ತು ನಿಮಿಷ. ಒಂದು ಹಾಡು ಒಳಗೆ ಬಂದರೆ ಇನ್ನೊಂದು ಹೊರಗೆ ನಿಲ್ಲಬೇಕು.

ನನ್ನ ಓದಿನ ದಿನಗಳಲ್ಲಿ ಹಾಸನದ ಕ್ಯಾಸೆಟ್ ಅಂಗಡಿಗಳಲ್ಲಿ ಒಂದು ಪದ್ಧತಿ ಇತ್ತು. ನೋಟ್ ಪುಸ್ತಕದ ಹಾಳೆಯಲ್ಲಿ ಬೇಕಾದ ಹಾಡುಗಳನ್ನು ಬರೆದು, ಖಾಲಿ ಕ್ಯಾಸೆಟ್ ಜೊತೆ ಕೊಟ್ಟುಬಂದರೆ, ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹುಡುಗರೂ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹಾಸನಕ್ಕೆ ಬಂದಾಗ ಹೀಗೆ ಪಟ್ಟಿ ಕೊಟ್ಟು ಹೋಗುತ್ತಿದ್ದರು. ಸಿನಿಮಾ ಹಾಡು, ಭಾವಗೀತೆ, ಭಕ್ತಿಗೀತೆ ಎಲ್ಲ ಸಿಗುತ್ತಿತ್ತು. ಎರಡು ಬಗೆಯ ಹಾಡು ಮಾತ್ರ ಸಿಗುತ್ತಿರಲಿಲ್ಲ: ಒಂದು, ಇಂಗ್ಲಿಷಿನ ಪಂಕ್ ರಾಕ್, ಇನ್ನೊಂದು, ನಮ್ಮ ತಾಲ್ಲೂಕು ಕಚೇರಿಗಳ ಮುಂದೆಯೇ ಕೇಳಿಬರುತ್ತಿದ್ದ ಹೋರಾಟದ ಹಾಡು. ಮೊದಲನೆಯದು ದೂರದ್ದು ಎಂದು ಇರಲಿಲ್ಲ, ಎರಡನೆಯದು ಹತ್ತಿರದ್ದು ಎಂದು ಇರಲಿಲ್ಲ. ಈಗ ಎರಡೂ ಬೆರಳ ತುದಿಯಲ್ಲಿವೆ. ಹಾಸನದಿಂದ ಅರಕಲಗೂಡಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಆ ಒಂದು ಗಂಟೆಗೆ ಎರಡನ್ನೂ ಬೆರೆಸಿ ಒಂದು ಸಿ-60 ಮಾಡಿದರೆ ಏನಾಗುತ್ತದೆ ಎಂಬುದು ಈ ಬರಹದ ವಿಷಯ.

ಬೆರೆಸುವುದಕ್ಕೆ ಕಾರಣವಿದೆ. 1975ರ ನವೆಂಬರಿನಲ್ಲಿ ಲಂಡನ್ನಿನ ಒಂದು ಕಲಾಶಾಲೆಯಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡ ತನ್ನ ಮೊದಲ ಪ್ರದರ್ಶನ ಕೊಟ್ಟಿತು. ಅದೇ 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಒಂದಕ್ಕೊಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಆದರೆ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿಸುತ್ತದೆ: ಹಾಡಲು ಯಾರಿಗೆ ಅರ್ಹತೆ? ಅಲ್ಲಿ ಸ್ವರಜ್ಞಾನವಿಲ್ಲದ ಕಾರ್ಮಿಕರ ಮಕ್ಕಳು ಗಿಟಾರು ಹಿಡಿದರು. 1977ರಲ್ಲಿ ‘ಸೈಡ್‌ಬರ್ನ್ಸ್’ ಎಂಬ ಒಂದು ಪುಟ್ಟ ಪತ್ರಿಕೆ ಗಿಟಾರಿನ ಮೂರು ಹಿಡಿತಗಳ ಚಿತ್ರ ಬರೆದು, ಇಷ್ಟು ಬಂದರೆ ಸಾಕು, ತಂಡ ಕಟ್ಟಿ ಎಂಬರ್ಥದ ಮಾತು ಅಚ್ಚುಹಾಕಿತು. ಇಲ್ಲಿ ಕಾವ್ಯದ ಭಾಷೆಗೆ ಹೊರಗಿದ್ದ ಕೇರಿಯ ಮಾತು ನೇರವಾಗಿ ಪುಟಕ್ಕೆ ಬಂತು, ಪುಟದಿಂದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗೆ ಹೋಯಿತು.

ಮೊದಲ ಬದಿಯ ಮೊದಲ ಹಾಡು ರಮೋನ್ಸ್ ತಂಡದ ‘ಬ್ಲಿಟ್ಸ್‌ಕ್ರೀಗ್ ಬಾಪ್’. 1976ರ ಅವರ ಮೊದಲ ಆಲ್ಬಮ್ಮಿನಲ್ಲಿ ಹದಿನಾಲ್ಕು ಹಾಡು, ಒಟ್ಟು ಇಪ್ಪತ್ತೊಂಬತ್ತು ನಿಮಿಷ. ಇಡೀ ಆಲ್ಬಮ್ ನನ್ನ ಕ್ಯಾಸೆಟ್ಟಿನ ಒಂದು ಬದಿಗೆ ಹಿಡಿಯುತ್ತದೆ. ಪೀಠಿಕೆ ಇಲ್ಲ, ವಿಸ್ತಾರ ಇಲ್ಲ, ಹೇಳಿ ಎದ್ದುಹೋಗುವ ಅವಸರ. ಅದರ ಬೆನ್ನಿಗೆ, ನಲವತ್ತೇಳರ ಸ್ವಾತಂತ್ರ್ಯ ಯಾರ ಪಾಲಾಯಿತು ಎಂದು ಕೇಳುವ ಸಿದ್ಧಲಿಂಗಯ್ಯನವರ ಹಾಡು. ಇವೆರಡನ್ನು ಒಟ್ಟಿಗೆ ಕೇಳಿದಾಗ ಮೊದಲ ವ್ಯತ್ಯಾಸ ಹೊಳೆಯುತ್ತದೆ. ಪಂಕ್ ಹಾಡು ಎರಡು ನಿಮಿಷಕ್ಕೆ ಮುಗಿಯುತ್ತದೆ. ಹೋರಾಟದ ಹಾಡಿಗೆ ನಿಗದಿತ ಉದ್ದವೇ ಇಲ್ಲ. ಬಸ್ ನಿಲ್ದಾಣದಿಂದ ತಾಲ್ಲೂಕು ಕಚೇರಿ ಎಷ್ಟು ದೂರವೋ ಹಾಡು ಅಷ್ಟು ಉದ್ದ. ತಹಶೀಲ್ದಾರರು ಹೊರಗೆ ಬರುವುದು ತಡವಾದರೆ ಇನ್ನೂ ನಾಲ್ಕು ಸುತ್ತು. ಅದರ ಕಟ್ಟಡವೇ ಹಾಗಿದೆ: ಪಲ್ಲವಿ ಪ್ರಶ್ನೆ, ಚರಣ ಉತ್ತರ. ಒಬ್ಬರು ಕೇಳುತ್ತಾರೆ, ನೂರು ಜನ ತಿರುಗಿ ಕೇಳುತ್ತಾರೆ. ಹಾಡು ಬಾರದವನಿಗೂ ಎರಡನೇ ಸುತ್ತಿಗೆ ಪಲ್ಲವಿ ಬಂದಿರುತ್ತದೆ. ಅದನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿ ಸ್ಟುಡಿಯೋದಲ್ಲಿ ಹಾಡಿಸಿದಾಗ ಪ್ರಶ್ನೆ ಉಳಿಯುತ್ತದೆ, ಕಾಯುವಿಕೆ ಹೋಗುತ್ತದೆ.

ಇದು ಸಣ್ಣ ನಷ್ಟವಲ್ಲ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಕನ್ನಡ ಕವಿತೆ ಮನೆಮನೆಗೆ ಹೋಯಿತು, ಅದು ದೊಡ್ಡ ಲಾಭ. ಜೊತೆಗೇ ಕವಿತೆ ಎಂದರೆ ಕೊಳಲು, ತಬಲಾ, ಮೆಲುದನಿ ಎಂಬ ರೂಢಿಯೂ ಬಂತು. ಬಂಡಾಯದ ಹಾಡುಗಳನ್ನೂ ಆ ಅಂಗಿಯೊಳಗೆ ತೂರಿಸಿದ ಧ್ವನಿಮುದ್ರಣಗಳನ್ನು ಕೇಳಿದ್ದೇನೆ. ಸಿಟ್ಟಿನ ಜಾಗದಲ್ಲಿ ಕನಿಕರ ಬಂದು ಕೂತಿರುತ್ತದೆ. ಆದ್ದರಿಂದ ನನ್ನ ಪಟ್ಟಿಗೆ ಒಂದು ನಿಯಮ ಹಾಕಿಕೊಂಡೆ: ಬಯಲಲ್ಲಿ, ತಮಟೆಯ ಜೊತೆ ಹಾಡಿದ್ದು ಸಿಕ್ಕರೆ ಅದೇ ಬೇಕು, ಮೈಕು ಕರ್ರೆಂದರೂ ಚಿಂತೆಯಿಲ್ಲ. ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಕಾಯಿಸಿಕೊಂಡು ಬಾರಿಸುತ್ತಾರೆ. ಆರಿದರೆ ಸದ್ದು ಸಡಿಲ, ಮತ್ತೆ ಕಾಯಿಸಬೇಕು. ಮೊಬೈಲಿನಲ್ಲಿ ಹಿಡಿದ ತಮಟೆಯ ಸದ್ದು ಒಡೆದು ಕೇಳುತ್ತದೆ. ಪಂಕ್ ತಂಡಗಳು ಬೇಕೆಂದೇ ಗಿಟಾರಿನ ಸದ್ದನ್ನು ಒಡೆದುಕೊಳ್ಳುತ್ತಿದ್ದದ್ದು ನೆನಪಾಗುತ್ತದೆ.

ಮೂರನೆಯದು ಸೆಕ್ಸ್ ಪಿಸ್ಟಲ್ಸ್‌ನ ‘ಗಾಡ್ ಸೇವ್ ದ ಕ್ವೀನ್’. 1977ರಲ್ಲಿ ರಾಣಿಯ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ ಬಂದ ಇದನ್ನು ಬಿಬಿಸಿ ಪ್ರಸಾರ ಮಾಡಲಿಲ್ಲ, ಆದರೂ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಅದರ ಪಕ್ಕದಲ್ಲಿ ಸಿದ್ಧಲಿಂಗಯ್ಯನವರ ‘ನನ್ನ ಜನಗಳು’. ಇಲ್ಲಿ ಜೋಡಣೆ ಕನ್ನಡದ ಹಾಡಿನ ಪರವಾಗಿ ಮಾತಾಡುತ್ತದೆ. ಪಿಸ್ಟಲ್ಸ್ ಹಾಡಿಗೆ ಬೈಯಲು ರಾಣಿ ಬೇಕು. ‘ನನ್ನ ಜನಗಳು’ ಬೈಗುಳವನ್ನು ಪಕ್ಕಕ್ಕಿಟ್ಟು ಹಸಿದವರನ್ನು, ಕಲ್ಲು ಹೊತ್ತವರನ್ನು, ಏಟು ತಿಂದವರನ್ನು ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನಾಗಿ ಕರೆಯುತ್ತದೆ. ವಾಕ್ಯ ಮುಗಿಸುವ ಕ್ರಿಯಾಪದವೇ ಅಪರೂಪ. ಇವರು, ಇವರು, ಇವರು ಎಂದು ಪೇರಿಸುತ್ತ ಹೋಗುವುದೇ ಅದರ ಲಯ. ಕೇಳುತ್ತ ಕೇಳುತ್ತ ಭಾರ ಏರುತ್ತದೆ. ಪಂಕ್‌ಗೆ ಈ ತಾಳ್ಮೆ ಗೊತ್ತಿರಲಿಲ್ಲ.

ಮೊದಲ ಬದಿಯ ಕೊನೆಗೆ ಹೆಂಗಸರು. ಎಕ್ಸ್-ರೇ ಸ್ಪೆಕ್ಸ್ ತಂಡದ ಪಾಲಿ ಸ್ಟೈರೀನ್ 1977ರಲ್ಲಿ ‘ಓ ಬಾಂಡೇಜ್ ಅಪ್ ಯುವರ್ಸ್’ ಎಂದು ಕಿರುಚಿದಾಗ, ಹುಡುಗಿ ಹೀಗೆ ಹಾಡಬಾರದು ಎಂದುಕೊಂಡವರಿಗೆಲ್ಲ ಇರಿಸುಮುರಿಸಾಯಿತು. ಇದಕ್ಕೆ ಜೋಡಿ ಹುಡುಕಲು ನಾನು ಬಂಡಾಯದ ಸಂಕಲನಗಳಿಗೆ ಹೋಗಲಿಲ್ಲ, ಮದುವೆಮನೆಗೆ ಹೋದೆ. ನಮ್ಮ ಕಡೆಯ ಸೋಬಾನೆಯಲ್ಲಿ ಬೀಗರನ್ನು ಹಳಿಯುವ ಹಾಡುಗಳಿವೆ. ಬೀಗಿತಿಯ ಮೂಗು, ಬೀಗನ ಜಿಪುಣತನ, ಗಂಡಿನ ಕಡೆಯವರ ಹೊಟ್ಟೆಬಾಕತನ ಯಾವುದನ್ನೂ ಬಿಡುವುದಿಲ್ಲ. ವರ್ಷವಿಡೀ ಸೆರಗು ಹೊದ್ದು ಕೂರುವ ಹೆಂಗಸರು ಅರ್ಧ ಗಂಟೆ ಗಂಡಿನ ಕಡೆಯವರ ಮರ್ಯಾದೆ ಕಳೆಯುತ್ತಾರೆ. ಕೋಪ ಮಾಡಿಕೊಂಡರೆ ಬೀಗರೇ ಸಣ್ಣವರಾಗುತ್ತಾರೆ. ಬರೆದವರ ಹೆಸರಿಲ್ಲ, ಸಾಹಿತ್ಯ ಚರಿತ್ರೆಯಲ್ಲಿ ಜಾಗವೂ ಕಡಿಮೆ. ಬಂಡಾಯದ ವೇದಿಕೆಗೆ ಹಾಸನದಿಂದ ಹೋದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಈ ಸಿಟ್ಟು ಎಲ್ಲಿಂದ ಬಂತು ಎಂದು ಹಲವರು ಬೆರಗಾದರು. ಅವರ ಹೆಂಗಸರು ಒಲೆಯ ಮುಂದೆ, ಬಾಣಂತಿ ಕೋಣೆಯಲ್ಲಿ ಆಡುವ ಚುಚ್ಚುಮಾತನ್ನು ಕೇಳಿಸಿಕೊಂಡವರಿಗೆ ಅಷ್ಟು ಬೆರಗು ಇರಲಾರದು. ಈ ಜಿಲ್ಲೆಯಲ್ಲಿ ಹೆಂಗಸರ ಸಿಟ್ಟಿಗೆ ನಗೆಯ ಹಳೆಯ ದಾರಿ ಒಂದಿದೆ.

ಎರಡನೇ ಬದಿ ತಿರುಗಿಸಿದರೆ ನನ್ನ ಕಷ್ಟ ಶುರು. ‘ಇಕ್ರಲಾ ವದೀರ್ಲಾ’ ಕವಿತೆಯನ್ನು ಬಿಟ್ಟು ಕನ್ನಡದಲ್ಲಿ ಪಂಕ್ ಪಟ್ಟಿ ಮಾಡಲು ಆಗುವುದಿಲ್ಲ. ಬಂದ ಕಾಲದಲ್ಲಿ ಇದು ಕವಿತೆಯೇ ಅಲ್ಲ, ಬರೀ ಹಿಂಸೆ ಎಂದವರಿದ್ದರು. ಅವರು ಕ್ರಿಯಾಪದಗಳನ್ನು ನೋಡಿದರು, ಕೊನೆಯ ‘ಲಾ’ ನೋಡಲಿಲ್ಲ. ನಮ್ಮ ಸೀಮೆಯಲ್ಲಿ ‘ಲಾ’ ಎರಡು ಕೆಲಸ ಮಾಡುತ್ತದೆ. ಗೆಳೆಯರ ನಡುವೆ ‘ಬಾರ್ಲಾ’ ಎಂದರೆ ಸಲಿಗೆ. ಜಮೀನ್ದಾರ ಆಳಿಗೆ ‘ಬಾರ್ಲಾ’ ಎಂದರೆ ಅವನ ಜಾಗ ತೋರಿಸಿದ ಹಾಗೆ. ಕವಿತೆಯಲ್ಲಿ ಆ ‘ಲಾ’ ಕೇರಿಯವರು ಕೇರಿಯವರಿಗೇ ಹೇಳಿಕೊಳ್ಳುವ ಸಲಿಗೆಯ ‘ಲಾ’. ಅವಮಾನಕ್ಕೆ ಬಳಕೆಯಾಗುತ್ತಿದ್ದ ಪ್ರತ್ಯಯವನ್ನು ಕಿತ್ತುಕೊಂಡು ಒಗ್ಗಟ್ಟಿಗೆ ಬಳಸಿದ್ದು ಆ ಕವಿತೆಯ ದೊಡ್ಡ ಕೆಲಸ. ಒದೆಯಿರಿ ಎಂದು ಶಿಷ್ಟ ಕನ್ನಡದಲ್ಲಿ ಬರೆದಿದ್ದರೆ ಅದು ಘೋಷಣೆ ಆಗುತ್ತಿತ್ತು, ಅಷ್ಟೇ.

ನಾನು ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು, ಆಲೂಗೆಡ್ಡೆ ಬೆಳೆಯುವ, ಜಮೀನಿದ್ದ ಮನೆಯವನು. ಎರಡನೆಯ ಬಗೆಯ ‘ಲಾ’ ನಮ್ಮ ಜಗಲಿಯಲ್ಲಿ ದಿನಾ ಕೇಳುತ್ತಿತ್ತು. ಹಾಗಾದರೆ ಈ ಹಾಡು ಒದೆಯಲು ಹೇಳುತ್ತಿರುವುದು ಯಾರನ್ನು? ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬಸ್ಸಿನ ಕಿಟಕಿ ಪಕ್ಕ ಕೂತು ಇದನ್ನು ‘ನನ್ನ ಮೆಚ್ಚಿನ ಹಾಡು’ ಎನ್ನುವುದಕ್ಕೆ ಏನರ್ಥ? ಈ ಪ್ರಶ್ನೆ ಪಂಕ್‌ಗೂ ಎದುರಾಗಿತ್ತು. ದ ಕ್ಲಾಶ್ ತಂಡದ ಜೋ ಸ್ಟ್ರಮ್ಮರ್, ಕರಿಯರೇ ತುಂಬಿದ್ದ ರೆಗೆ ಸಂಗೀತದ ಒಂದು ರಾತ್ರಿಗೆ ಹೋಗಿಬಂದ ಬಿಳಿಯನ ಇಕ್ಕಟ್ಟನ್ನು 1978ರ ‘ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೇ’ಯಲ್ಲಿ ಹಾಡಿದ. ಅದು ನೆರೆಮನೆಯ ಸಿಟ್ಟನ್ನು ಎರವಲು ಪಡೆಯುವುದಿಲ್ಲ, ತಾನು ನಿಂತ ಜಾಗದಿಂದಲೇ ಮಾತಾಡುತ್ತದೆ. ಅದಕ್ಕೇ ಎರಡನ್ನೂ ಅಕ್ಕಪಕ್ಕ ಇಟ್ಟೆ. ಮೊದಲು ಕ್ಲಾಶ್, ಆಮೇಲೆ ‘ಇಕ್ರಲಾ’. ಈ ಕ್ರಮದಲ್ಲಿ ಕೇಳಿದಾಗ ಎರಡನೆಯದಕ್ಕೆ ಚಪ್ಪಾಳೆ ತಟ್ಟುವುದು ಕಷ್ಟ, ಸುಮ್ಮನೆ ಕೇಳಬೇಕಾಗುತ್ತದೆ.

ಪಂಕ್ ತಂಡಗಳ ಬಗ್ಗೆ ‘ಮಾರಿಕೊಂಡರು’ ಎಂಬ ದೂರು ಹಳೆಯದು. 1977ರಲ್ಲಿ ಕ್ಲಾಶ್ ಸಿಬಿಎಸ್ ಕಂಪನಿಗೆ ಸಹಿ ಹಾಕಿದಾಗಲೂ ಅದು ಕೇಳಿಬಂತು. ಸಿದ್ಧಲಿಂಗಯ್ಯ ವಿಧಾನ ಪರಿಷತ್ತಿಗೆ ಹೋದಾಗ ಇಲ್ಲೂ ಅದೇ ಮಾತು ಬಂತು. ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಕೊಡಲಿಲ್ಲ. ಅದರ ಪ್ರತಿರೋಧವಾಗಿ ಆ ವರ್ಷದ ಮಾರ್ಚಿನಲ್ಲಿ ಬೆಂಗಳೂರಲ್ಲಿ ಬಂಡಾಯ ಸಮ್ಮೇಳನ ನಡೆಯಿತು. 2015ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಡೆದ 81ನೇ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯ ಅಧ್ಯಕ್ಷರು. ಕಂಪನಿಗೆ ಸಹಿ ಹಾಕುವುದು ಬೇರೆ, ಒಳಗೆ ಬಿಡದ ಮನೆಯ ಹಜಾರದಲ್ಲಿ ಹೋಗಿ ಕೂರುವುದು ಬೇರೆ. ಹಾಗೆಂದು ಹಾಡಿನ ಕೆಲಸ ಮುಗಿಯಿತು ಎಂದೂ ಅಲ್ಲ. ಅದೇ 2015ರಲ್ಲಿ, ಅದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಹೆಂಗಸರಿಗೆ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಧ್ಯಕ್ಷರ ಮೆರವಣಿಗೆ, ದಂಡದ ಸುದ್ದಿ ಎರಡೂ ಒಂದೇ ವರ್ಷದ್ದು. ಈ ಹಾಡುಗಳನ್ನು ನೆನಪಿನ ಹಾಡುಗಳೆಂದು ಕೇಳಲು ನನಗೆ ಆಗದಿರುವುದು ಇದಕ್ಕೇ.

ಕೊನೆಯ ಹಾಡಿಗೆ ತುಂಬ ಹಿಂದಕ್ಕೆ ಹೋಗಿದ್ದೇನೆ: ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಭಾಗ. ಕೊಳಕು ವೇಷದಲ್ಲಿ ಶರಣರ ಬಾಗಿಲಿಗೆ ಬಂದು ನಿಲ್ಲುವ ಮಂಟೇಸ್ವಾಮಿ, ಸಮಾನತೆಯ ಮಾತಾಡುವವರು ನಾತವನ್ನು ಎಷ್ಟು ಸಹಿಸುತ್ತಾರೆ ಎಂದು ಪರೀಕ್ಷೆ ಮಾಡುತ್ತಾನೆ. ಹರಿದ ಬಟ್ಟೆಗೆ ಪಿನ್ನು ಚುಚ್ಚಿಕೊಂಡ ಲಂಡನ್ನಿನ ಹುಡುಗರು ಮಾಡಹೊರಟದ್ದೂ ಇಂಥದ್ದೇ ಪರೀಕ್ಷೆ. ಅವರದು ವೇಷ ಎಂದು ಅವರಿಗೆ ಗೊತ್ತಿತ್ತು. ಇಲ್ಲಿ ವೇಷದ ಹಿಂದೆ ಒಂದು ಇಡೀ ಸಮುದಾಯದ ದಿನನಿತ್ಯ ಇದೆ.

ಪಟ್ಟಿಯಲ್ಲಿ ಎಂಟು ನಿಮಿಷ ಖಾಲಿ ಉಳಿದಿದೆ. ಡೆಡ್ ಕೆನಡೀಸ್ ತಂಡ 1981ರಲ್ಲಿ ‘ಇನ್ ಗಾಡ್ ವಿ ಟ್ರಸ್ಟ್, ಇಂಕ್.’ ಕ್ಯಾಸೆಟ್ ತಂದಾಗ ಒಂದು ಬದಿಯನ್ನು ಪೂರ್ತಿ ಖಾಲಿ ಬಿಟ್ಟು, ಕೇಳುಗರೇ ತುಂಬಿಕೊಳ್ಳಲಿ ಎಂದಿತ್ತು. ಮನೆಯಲ್ಲಿ ಕ್ಯಾಸೆಟ್ ತುಂಬಿಸಿಕೊಳ್ಳುವುದು ಸಂಗೀತವನ್ನು ಕೊಲ್ಲುತ್ತದೆ ಎಂದು ಕಂಪನಿಗಳು ಗೋಳಾಡುತ್ತಿದ್ದ ಕಾಲ ಅದು. ನಾನೂ ಹಾಗೇ ಬಿಟ್ಟು, ಪಟ್ಟಿಯನ್ನು ಹೊಳೆನರಸೀಪುರದ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಕಳಿಸಿದ್ದೆ. ವಾರ ಬಿಟ್ಟು ಉತ್ತರ ಬಂತು: “ಸರ್, ಎಲ್ಲಾ ಚೆನ್ನಾಗಿದೆ. ಆದ್ರೆ ಬರೀ ಸಿಟ್ಟೇ ಆಯ್ತಲ್ಲ. ನಮ್ಮ ಕೇರೀಲಿ ತಮಟೆ ಹೊಡೆಯೋದು ಕುಣಿಯೋಕೂ ಹೌದು.” ಅದರ ಕೆಳಗೆ ಅವಳ ಅಣ್ಣಂದಿರು ಊರಹಬ್ಬದಲ್ಲಿ ಬಾರಿಸಿದ ತಮಟೆ, ಏಳು ನಿಮಿಷ ಚಿಲ್ಲರೆ. ಮಾತಿಲ್ಲ, ಘೋಷಣೆ ಇಲ್ಲ, ನಡುವೆ ಯಾರೋ ಸಿಳ್ಳೆ ಹಾಕುತ್ತಾರೆ, ಮಗುವೊಂದು ನಗುತ್ತದೆ. ಖಾಲಿ ಜಾಗಕ್ಕೆ ಅದು ಸರಿಯಾಗಿ ಹಿಡಿಯುತ್ತಿತ್ತು. ಆದರೆ ಅದನ್ನು ಕೊನೆಯಲ್ಲಿ ಇಡುವ ಬದಲು ರಮೋನ್ಸ್‌ಗಿಂತ ಮೊದಲು ಇಟ್ಟಿದ್ದೇನೆ. ಈಗ ಬಸ್ಸು ಹಾಸನ ಬಿಡುವಾಗ ತಮಟೆ ಶುರುವಾಗುತ್ತದೆ.