ಎರವಿನ ಪರದೆ, ಸ್ವಂತ ನಾಟಕ: ಧಾರವಾಡ ಸೀಮೆಯ ಗ್ರಾಮರಂಗಭೂಮಿ

೧

ನಾಟಕವು ಒಬ್ಬನಿಂದ ಆಗತಕ್ಕ ಕಲೆಯಲ್ಲವೆಂಬುದು ಸರ್ವವಿದಿತವಾದ ಮಾತು. ಕವಿಯ ಕೃತಿ, ನಟನ ಅಭಿನಯ, ಗಾಯಕನ ನಾದ, ಚಿತ್ರಕಾರನ ಪರದೆ, ಇವೆಲ್ಲ ಕೂಡಿದಲ್ಲದೆ ರಂಗಸಿದ್ಧಿಯಿಲ್ಲ. ಆದರೂ ಕನ್ನಡದ ನಾಟಕವಿಮರ್ಶೆಯು ಕವಿಯನ್ನೂ ನಟನನ್ನೂ ಕುರಿತು ಎಷ್ಟು ವಿಚಾರಮಾಡಿದೆಯೋ, ಇವನ್ನೆಲ್ಲ ಕೂಡಿಸತಕ್ಕವನನ್ನು ಕುರಿತು ಅಷ್ಟು ವಿಚಾರಮಾಡಿಲ್ಲ; ಅವನು ಹಳ್ಳಿಯವನಾದರಂತೂ ಅವನ ಹೆಸರೇ ಕಾಣದು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸುತ್ತಣ ಹಳ್ಳಿಗಳಲ್ಲಿ ಇವನಿಗೆ ‘ಮಾಸ್ತರ’ನೆಂದು ಹೆಸರು, ಹಾರ್ಮೋನಿಯಮ್ ನುಡಿಸಬಲ್ಲವನಾದರೆ ‘ಪೇಟಿ ಮಾಸ್ತರ’. ಇವನು ಯಾವ ಕಂಪನಿಗೂ ಕಟ್ಟುಬಿದ್ದವನಲ್ಲ. ಕರೆದ ಊರಿಗೆ ಹೋಗಿ, ಅಲ್ಲಿಯ ತರುಣರಿಗೆ ನಾಟಕ ಕಲಿಸಿ, ಜಾತ್ರೆಯ ಇರುಳು ಆಡಿಸಿ, ಮತ್ತೊಂದು ಊರಿಗೆ ನಡೆಯುವವನು. ಪಟ್ಟಣದ ಪರಿಭಾಷೆಯಲ್ಲಿ ಹೇಳುವುದಾದರೆ ಸ್ವತಂತ್ರ ನಿರ್ದೇಶಕ. ಆದರೆ ಈ ಸ್ವಾತಂತ್ರ್ಯವು ವಿಲಕ್ಷಣವಾದುದು. ಅವನಿಗೆ ರಂಗಮಂದಿರವಿಲ್ಲ, ಪರದೆಯಿಲ್ಲ, ಉಡುಪಿಲ್ಲ, ನಟಿಯರಿಲ್ಲ. ಇರುವುದು ಊರ ಹುಡುಗರ ಉತ್ಸಾಹ, ಅವರು ಕೂಡಿಸಿದ ವಂತಿಗೆ, ನೆರೆಯೂರ ಮಾಸ್ತರರ ಪರಿಚಯ ಇಷ್ಟೆ. ಉಳಿದುದೆಲ್ಲ ಎರವಿನದು. ಈ ಎರವು ನಾಟಕದ ರೂಪವನ್ನು ಹೇಗೆ ತಿದ್ದಿದೆ, ಎಲ್ಲಿ ಕೆಡಿಸಿದೆ, ಯಾವುದನ್ನು ಹಂಚಿಕೊಂಡರೆ ಕಲೆಗೆ ಮೇಲಾದೀತು ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

೨

ಕೊಡುಕೊಳ್ಳುವಿಕೆಯು ಈ ಸೀಮೆಯ ರಂಗಭೂಮಿಗೆ ಹೊಸದಲ್ಲ. ೧೮೪೨ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಯಲ್ಲಿ ಆಟವಾಡಿತು. ಅದರ ಪ್ರೇರಣೆಯಿಂದ ೧೮೪೩ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಮರಾಠಿಯಲ್ಲಿ ರಂಗಕ್ಕೆ ತಂದರು. ಮುಂದೆ ಮರಾಠಿ ಮಂಡಳಿಗಳೇ ಧಾರವಾಡದ ಕಡೆಗೆ ಬಂದು ಜನರ ಮನಸ್ಸನ್ನು ಸೆರೆಹಿಡಿಯಲು, ಗದಗಿನಲ್ಲಿ ಶಾಂತಕವಿಗಳು (೧೮೫೬–೧೯೨೦) ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಹೀಗೆ ಕನ್ನಡವು ಕೊಟ್ಟ ಕಡವೇ ರೂಪಾಂತರ ಹೊಂದಿ ಹಿಂದಿರುಗಿತೆನ್ನಬಹುದು. ಕುಂದಗೋಳದ ಸವಾಯಿ ಗಂಧರ್ವರು (೧೮೮೬–೧೯೫೨) ಅಬ್ದುಲ್ ಕರೀಮ್ ಖಾನರಲ್ಲಿ ಕಲಿತ ಗಾನವನ್ನು ಮರಾಠಿ ರಂಗದ ಸ್ತ್ರೀಪಾತ್ರಗಳಲ್ಲಿ ಬೆಳಗಿಸಿದುದೂ ಇದೇ ಕೊಡುಕೊಳ್ಳುವಿಕೆಯ ಇನ್ನೊಂದು ಮುಖ.

ಆದರೆ ವೃತ್ತಿಯ ಕಂಪನಿಯು ಬೇರೆ ನ್ಯಾಯದಿಂದ ನಡೆಯಿತು. ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾಯರು ಮುಂತಾದವರು ಕಂಪನಿಗಳನ್ನು ನಡೆಯಿಸಿದ ಕಾಲದಲ್ಲಿ ಪರದೆ, ಉಡುಪು, ನಟ, ಹಸ್ತಪ್ರತಿ ಇವೆಲ್ಲ ಬಂಡವಾಳ. ಬಂಡವಾಳವನ್ನು ಪ್ರತಿಸ್ಪರ್ಧಿಗೆ ಹಂಚುವವರುಂಟೆ? ಗದಗಿನ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪) ಮಾತ್ರ ಇದಕ್ಕೆ ಒಂದು ಉಜ್ಜ್ವಲವಾದ ಅಪವಾದವನ್ನು ತೋರಿಸಿದರು. ಅವರ ನಾಟ್ಯಸಂಘದ ಗಳಿಕೆಯು ಅಂಧ ಅನಾಥ ಮಕ್ಕಳ ಆಶ್ರಮದ ಅನ್ನವಾಯಿತು. ಆ ಆಶ್ರಮದಲ್ಲಿ ಸಂಗೀತ ಕಲಿತವರು ಪೇಟಿ ತಬಲಗಳ ವಿದ್ಯೆಯನ್ನು ಹಳ್ಳಿಹಳ್ಳಿಗೆ ಒಯ್ದರು. ೧೯೯೭ರವರೆಗೆ ಗದಗೂ ಧಾರವಾಡ ಜಿಲ್ಲೆಯೊಳಗಿನ ಊರೇ ಆದುದರಿಂದ, ನವಲಗುಂದ ಅಣ್ಣಿಗೇರಿಗಳಿಗೆ ಈ ವಿದ್ಯೆ ಹೊರಗಿನಿಂದ ಬಂದುದೆನ್ನುವಂತಿಲ್ಲ. ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅವುಗಳ ನಟರೂ ವಾದಕರೂ ಊರೂರ ಮಾಸ್ತರರಾದರು. ಹಿಂದೆ ಕಾವಲಿನಲ್ಲಿದ್ದ ಸೊತ್ತು ಹೀಗೆ, ಯಾರೂ ಸಂಕಲ್ಪಿಸದೆಯೇ, ಹತ್ತೂರಿನ ಸೊತ್ತಾಯಿತು.

೩

ಇಂದು ಈ ಬಳಕೆಯ ಕ್ರಮವು ಹೀಗಿದೆ. ಎರೆಭೂಮಿಯಲ್ಲಿ ಜೋಳ ಕಡಲೆಗಳು ಕಣ ಸೇರಿದ ಮೇಲೆ ಜಾತ್ರೆಗಳು ಬರುತ್ತವೆ. ತರುಣರು ಉಂಡ ಬಳಿಕ ಗುಡಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮಿಗೆ ಕೂಡುತ್ತಾರೆ. ಅಚ್ಚಾದ ನಾಟಕದ ಪುಸ್ತಕವೊಂದು ಹಲವರ ಕೈದಾಟಿ ಹರಿದು ಬಂದಿರುತ್ತದೆ. ಪರದೆ, ಉಡುಪು, ದೀಪ, ಧ್ವನಿವರ್ಧಕಗಳು ಬಾಡಿಗೆಯವು. ನಟಿಯರನ್ನು ಗದಗು, ಹುಬ್ಬಳ್ಳಿ ಮುಂತಾದ ಊರುಗಳಿಂದ ಕರೆಯಿಸುವುದು. ಅವರು ಬರುವುದು ಬಹುಮಟ್ಟಿಗೆ ನಾಟಕದ ದಿನವೇ. ಅದುವರೆಗೆ ತಾಯಿಯ, ತಂಗಿಯ, ನಾಯಿಕೆಯ ಮಾತುಗಳನ್ನೆಲ್ಲ ಮಾಸ್ತರನೇ ಆಡಿ ಹುಡುಗರಿಗೆ ಅಭ್ಯಾಸ ಮಾಡಿಸುತ್ತಾನೆ. ಎರಡು ಊರ ಜಾತ್ರೆ ಒಂದೇ ಇರುಳು ಬಿದ್ದರೆ, ಯಾವ ಊರು ಮೊದಲು, ಯಾವುದು ಮರುದಿನ ಎಂಬುದನ್ನು ಮಾಸ್ತರರೇ ಮಾತಾಡಿಕೊಳ್ಳಬೇಕು. ಇದಕ್ಕೆ ಸಂಘವಿಲ್ಲ, ಕಾಗದಪತ್ರವಿಲ್ಲ; ಬಾಯಿಮಾತಿನ ವಿಶ್ವಾಸವೇ ಆಧಾರ.

ಈ ವ್ಯವಸ್ಥೆಯ ಗುಣವನ್ನು ಮೊದಲು ಒಪ್ಪಬೇಕು. ಯಾವ ಒಂದು ಹಳ್ಳಿಯೂ ತಾನೊಂದೇ ಹೊರಲಾರದ ವೆಚ್ಚವನ್ನು ಹತ್ತು ಹಳ್ಳಿಗಳು ಹೊರುತ್ತವೆ. ಎಲ್ಲರೂ ಬಲ್ಲ ನಾಟಕಗಳ ಒಂದು ಭಾಂಡಾರವೂ ಇದರಿಂದ ಸಿದ್ಧವಾಗಿದೆ. ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ೧೯೭೪ರಲ್ಲಿ ಚಲಚ್ಚಿತ್ರವಾಗುವ ಮುನ್ನವೇ ರಂಗದ ಮೇಲೆ ಹೆಸರಾಗಿತ್ತು. ಅಂಥ ನಾಟಕದ ಪಾತ್ರವೊಂದನ್ನು ಕರಗತ ಮಾಡಿಕೊಂಡ ನಟಿಯು ಯಾವ ಊರಿಗೆ ಹೋದರೂ ಅಪರಿಚಿತರ ನಡುವೆ ನಿಂತು ಆಡಬಲ್ಲಳು. ದೊಡ್ಡಾಟದಲ್ಲಿ ಕಥೆಯು ಎಲ್ಲರಿಗೂ ತಿಳಿದಿರುವುದರಿಂದ ಹೊಸಬನೂ ಮೇಳದಲ್ಲಿ ಸೇರುವಂತೆ, ಇಲ್ಲಿಯೂ ಸಾಧಾರಣವಾದ ಜ್ಞಾನವೇ ನಿಜವಾದ ಸಾಮಗ್ರಿ. ಶ್ರೀಮಂತ ಗೌಡ, ಬಡ ಅಣ್ಣ, ಕಣ್ಣೀರಿನ ತಾಯಿ, ಹಾಸ್ಯದ ಜೋಡಿ ಇವು ಮರಳಿ ಮರಳಿ ಬರುವುದನ್ನು ಕಂಡು ಕವಿಯ ದಾರಿದ್ರ್ಯವೆಂದು ನಗುವ ವಿಮರ್ಶಕನು, ಈ ಪಾತ್ರಗಳು ಹತ್ತೂರಿನ ನಟರು ಕೂಡಿ ಆಡಲು ಬೇಕಾದ ಸಮಾನಭಾಷೆಯೆಂಬುದನ್ನು ಮರೆಯುತ್ತಾನೆ.

ಇನ್ನು ದೋಷಗಳು. ಬಾಡಿಗೆಯ ಪರದೆಗಳಲ್ಲಿ ಬೀದಿ, ಮನೆ, ಅರಮನೆ, ಕಾಡು ಇವಿಷ್ಟಿದ್ದರೆ, ಕಥೆಯೂ ಈ ನಾಲ್ಕು ಸ್ಥಳಗಳಲ್ಲೇ ನಡೆಯಬೇಕಾಗುವುದು. ಹಿಂದೆ ಮನೆಯ ದೃಶ್ಯವನ್ನು ಅಣಿಮಾಡುವ ತನಕ ಮುಂದೆ ಬೀದಿಯ ಪರದೆಯನ್ನಿಳಿಸಿ ಹಾಸ್ಯವನ್ನು ತುಂಬುವ ಕಂಪನಿಯ ಪದ್ಧತಿಯು, ಅವಶ್ಯಕತೆ ತೀರಿದಲ್ಲಿಯೂ ನಿಯಮವಾಗಿ ನಿಂತಿದೆ. ನೆಲಗಡಲೆ, ಹತ್ತಿ, ಮಳೆ, ಸಾಲ ಇವನ್ನು ದಿನವೂ ಕಾಣುವ ನಟನು ರಂಗದ ಮೇಲೆ ತನ್ನ ಹೊಲವನ್ನು ಕಾಣಲಾರ. ಏಕೆಂದರೆ ಹೊಲದ ಪರದೆ ಬಾಡಿಗೆಗೆ ಬಂದಿಲ್ಲ.

ಇದಕ್ಕಿಂತಲೂ ಗಂಭೀರವಾದುದು ಅಭಿನಯದ ದೋಷ. ತಿಂಗಳುಗಟ್ಟಲೆ ಮಾಸ್ತರನ ಧ್ವನಿಗೆ ಮಾರುತ್ತರ ಕೊಟ್ಟು ಪಳಗಿದ ಮಗನು, ಅಂದಿನ ದಿನವೇ ಮೊದಲು ಕಂಡ ತಾಯಿಯ ಎದುರಿಗೆ ನಿಂತಾಗ ಅವಳನ್ನು ನೋಡುವುದಿಲ್ಲ. ಇಬ್ಬರೂ ಸಭೆಯನ್ನು ನೋಡಿ ಮಾತಾಡುತ್ತಾರೆ. ಇಬ್ಬರ ಕಂಠವೂ ಸಮರ್ಥವಾದುದೇ, ಮಾತೂ ತಪ್ಪಿಲ್ಲ. ಆದರೆ ಒಬ್ಬರ ನೋವು ಇನ್ನೊಬ್ಬರ ಮುಖದ ಮೇಲೆ ಮೂಡುವುದಿಲ್ಲ. ರಸಪೋಷಣೆಗೆ ಬೇಕಾದ ವಿಭಾವವೇ ಇಲ್ಲಿ ಅರ್ಧವಾಯಿತು. ಈ ಭಾರವು ನಟಿಯ ಮೇಲೆ ಎಲ್ಲರಿಗಿಂತ ಹೆಚ್ಚು ಬೀಳುತ್ತದೆ. ತಾಲೀಮಿಲ್ಲದೆ ದೃಶ್ಯವನ್ನು ಎತ್ತಿಹಿಡಿಯಬೇಕಾದವಳು ಅವಳೇ, ಕುಂದುಂಟಾದರೆ ಮಾತು ಕೇಳಬೇಕಾದವಳೂ ಅವಳೇ.

೪

ಪರಿಹಾರವನ್ನು ಹುಡುಕಿದವರು ಕನ್ನಡದಲ್ಲಿ ಇಲ್ಲದಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಶ್ರೀರಂಗರು (೧೯೦೪–೧೯೮೪) ಬೆಡಗಿನ ಪರದೆಯಿಲ್ಲದೆ ಮಾತಿನ ಬಲದಿಂದಲೇ ನಿಲ್ಲಬಲ್ಲ ನಾಟಕಗಳನ್ನು ಹವ್ಯಾಸಿಗಳಿಗೆ ಕೊಟ್ಟರು. ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ೧೯೮೫ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು, ಒಂದು ತಂಡವು ಕೂಡಿ ತಾಲೀಮು ನಡೆಸಿ, ಆ ನಾಟಕಗಳನ್ನು ಊರೂರಿಗೆ ಒಯ್ಯುವುದು ಅದರ ಕ್ರಮ. ಸಾಣೇಹಳ್ಳಿಯ ‘ಶಿವಸಂಚಾರ’ವು ೧೯೯೭ರಿಂದ ಅದೇ ಹಾದಿಯಲ್ಲಿ ನಡೆಯಿತು. ಇವುಗಳ ಮುಖ್ಯವಾದ ಪಾಠವೇನೆಂದರೆ, ಹಂಚತಕ್ಕ ವಸ್ತುಗಳಲ್ಲಿ ಶ್ರೇಷ್ಠವಾದುದು ಪರದೆಯಲ್ಲ, ಕೂಡಿ ಕಳೆದ ತಾಲೀಮಿನ ಕಾಲ. ಆದರೆ ತಿರುಗಾಟದ ತಂಡವು ಬಂದ ಊರು ನೋಡುವ ಊರಾಗುವುದೇ ಹೊರತು ಆಡುವ ಊರಾಗುವುದಿಲ್ಲ. ನವಲಗುಂದದ ಹಳ್ಳಿಯ ಒಕ್ಕಲಮಗನು ತಾನೇ ಬಣ್ಣ ಹಚ್ಚಿ ನಿಲ್ಲುವ ಇರುಳಿಗೆ ಅದು ಬದಲಾಗಲಾರದು.

ಆದಕಾರಣ ಮಾಸ್ತರರ ಈಗಿನ ಬಾಯಿಮಾತಿನ ಬಳಗವೇ ಇನ್ನೊಂದು ಹೆಜ್ಜೆ ಮುಂದಿಡುವುದು ಯುಕ್ತ. ಒಂದೇ ನಾಟಕವನ್ನು ಆರಿಸಿದ ಮೂರು ನಾಲ್ಕು ಊರುಗಳು ಕೂಡಿ ನಟಿಯರನ್ನು ಐದಾರು ದಿನ ಮುಂಚಿತವಾಗಿ ಕರೆಯಿಸಿ, ತಾಲೀಮಿನ ದಿನಗಳಿಗೂ ಸಂಭಾವನೆಯನ್ನು ಹಂಚಿಕೊಂಡು ಕೊಡಬಹುದು. ಎಲ್ಲಿ ಮಾತನ್ನು ಕತ್ತರಿಸಿದೆ, ಯಾವ ಹಾಡನ್ನು ಯಾವ ಮಟ್ಟಿನಲ್ಲಿ ಹೇಳಿಸಿದೆ ಎಂದು ಗುರುತುಹಾಕಿದ ಮಾಸ್ತರನ ಪುಸ್ತಕವು ಸಾಮಾನ್ಯವಾದ ಆಸ್ತಿಯಲ್ಲ. ಅದರ ಪ್ರತಿಗಳನ್ನು ತಾಲೂಕಿನ ಗ್ರಂಥಾಲಯದಲ್ಲಿ ಇರಿಸುವುದು ಕಷ್ಟವೂ ಅಲ್ಲ. ಒಬ್ಬನ ನಾಟಕವನ್ನು ಇನ್ನೊಬ್ಬ ಮಾಸ್ತರನು ನೋಡಿ ಗುಣದೋಷಗಳನ್ನು ಹೇಳುವ ಪದ್ಧತಿಯೂ ಬೆಳೆಯಬೇಕು. ಉಡುಪನ್ನು ಎರವು ಕೊಡುವವರು ಕಣ್ಣನ್ನೂ ಎರವು ಕೊಡಬಾರದೇಕೆ?

ಮಾಸ್ತರನು ತೀರಿಕೊಂಡರೆ ಪರದೆಯು ಬೇರೆಯವರ ಬಾಡಿಗೆಗೆ ಉಳಿಯುವುದು. ಅವನು ಮೂವತ್ತು ಜಾತ್ರೆಗಳಲ್ಲಿ ಕಲಿತುದು ಉಳಿಯುವುದಿಲ್ಲ. ಗ್ರಾಮರಂಗಭೂಮಿಯಲ್ಲಿ ಈವರೆಗೆ ಹಂಚಿಕೊಂಡುದು ಹರಿದರೆ ಹೊಲಿಯಬಹುದಾದ ವಸ್ತುವನ್ನು. ಹಂಚದೆ ಹೋದರೆ ಮರಳಿ ಬಾರದುದನ್ನು ಹಂಚಿಕೊಳ್ಳುವ ಕೆಲಸವು ಇನ್ನು ಮುಂದಿನದು. ಸಾಹಿತ್ಯದ ಅಧ್ಯಾಪಕರೂ ಜಾತ್ರೆಯ ಇರುಳು ಆ ಮಂಟಪದ ಮುಂದೆ ಕುಳಿತು, ಕೃತಿಯ ಜತೆಗೆ ಕೂಡಿಸಿದವನ ಹೆಸರನ್ನೂ ಬರೆದುಕೊಂಡರೆ, ವಿಮರ್ಶೆಯು ತನ್ನ ಪಾಲಿನ ವಂತಿಗೆಯನ್ನು ಸಲ್ಲಿಸಿದಂತಾಗುವುದು.